ಯುದ್ಧಕಾಲದಲ್ಲಿ ಅಮೆರಿಕದ ಫ್ರೆಟರ್ನಿಟಿಗಳು

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡ ವಿದ್ಯಾರ್ಥಿ ಸಂಘಗಳಿವೆ. ಗಂಡುಹುಡುಗರ ಸಂಘ ಫ್ರೆಟರ್ನಿಟಿ, ಹೆಣ್ಣುಮಕ್ಕಳದು ಸೊರೋರಿಟಿ. ಇವುಗಳಲ್ಲಿ ಹಲವಕ್ಕೆ ಕಾಲೇಜಿನ ಆವರಣದಲ್ಲಿ ಅಥವಾ ಅದರ ಪಕ್ಕದಲ್ಲಿ ಸ್ವಂತ ಮನೆ ಇರುತ್ತದೆ. ಸದಸ್ಯರು ಅಲ್ಲೇ ಉಂಡು, ಮಲಗಿ, ಓದುತ್ತಾರೆ. ಹಾಗೆಂದು ಇವು ನಮ್ಮ ಹಾಸ್ಟೆಲುಗಳಂಥವಲ್ಲ. ಹಾಸ್ಟೆಲಿಗೆ ಅರ್ಜಿ ಹಾಕಿದರೆ ಸಾಕು. ಫ್ರೆಟರ್ನಿಟಿಗೆ ಒಳಗಿರುವವರೇ ಆರಿಸಿ ಕರೆಯಬೇಕು. ಕರೆಸಿಕೊಂಡವನು ಕೆಲಕಾಲ ಉಮೇದುವಾರನಾಗಿದ್ದು, ಮುಚ್ಚಿದ ಬಾಗಿಲ ಹಿಂದೆ ಪ್ರಮಾಣ ಮಾಡಿ, ಸಂಘದ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡ ಮೇಲೆ ಉಳಿದವರಿಗೆಲ್ಲ 'ಬ್ರದರ್' ಆಗುತ್ತಾನೆ. ಆ ಸಂಬಂಧ ಪದವಿಯೊಂದಿಗೆ ಮುಗಿಯುವುದಿಲ್ಲ, ಸಾಯುವವರೆಗೂ ಇರುತ್ತದೆ. ಒಂದೇ ಫ್ರೆಟರ್ನಿಟಿಗೆ ಬೇರೆ ಬೇರೆ ಕಾಲೇಜುಗಳಲ್ಲಿ ಶಾಖೆಗಳಿರುತ್ತವೆ. ಆ ಶಾಖೆಗಳಿಗೆ ಚಾಪ್ಟರ್ ಎಂದು ಹೆಸರು.

ಹದಿನೆಂಟರಿಂದ ಇಪ್ಪತ್ತೆರಡರ ಒಳಗಿನ ವಯಸ್ಸು, ಗಟ್ಟಿಮುಟ್ಟಾದ ಮೈ, ಅಕ್ಷರಜ್ಞಾನ, ಹತ್ತು ಜನ ಕೂಡಿ ಒಂದೇ ಮಾತಿಗೆ ನಿಲ್ಲುವ ಅಭ್ಯಾಸ. ಯುದ್ಧ ಬಂದಾಗ ಯಾವ ಸೈನ್ಯವಾದರೂ ಮೊದಲು ಹುಡುಕುವುದು ಇಂಥವರನ್ನೇ. ಹೀಗಾಗಿ ಅಮೆರಿಕ ಕಂಡ ದೊಡ್ಡ ಯುದ್ಧಗಳಲ್ಲಿ ಹೆಚ್ಚಿನವು ಫ್ರೆಟರ್ನಿಟಿಗಳ ಮನೆಗಳನ್ನು ಬರಿದುಮಾಡಿವೆ. ಯುದ್ಧ ಮುಗಿದ ಮೇಲೆ ಆ ಮನೆಗಳು ಮೊದಲಿನಂತೆಯೇ ಇರಲೂ ಬಿಟ್ಟಿಲ್ಲ.

ಈ ಕಥೆಯ ಮೊದಲ ಪುಟವೇ ಯುದ್ಧದ ನಡುವೆ ತೆರೆದುಕೊಳ್ಳುತ್ತದೆ. ಗ್ರೀಕ್ ಅಕ್ಷರಗಳ ಮೊದಲ ಸಂಘವಾದ ಫೈ ಬೀಟಾ ಕಪ್ಪಾ ಹುಟ್ಟಿದ್ದು 1776ರ ಡಿಸೆಂಬರ್ 5ರಂದು, ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಊರಿನ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ಸ್ವಾತಂತ್ರ್ಯ ಘೋಷಣೆಯಾಗಿ ಆಗಿನ್ನೂ ಐದು ತಿಂಗಳು ಕಳೆದಿತ್ತು. ಬ್ರಿಟಿಷರೊಡನೆ ಕಾಳಗ ನಡೆದೇ ಇತ್ತು. ಸಂಘದ ಸದಸ್ಯರು ಚರ್ಚಾಕೂಟ ನಡೆಸಿದರು, ಪ್ರಬಂಧ ಓದಿದರು. ಹಲವರು ಅದರ ಜೊತೆಗೇ ಸೈನ್ಯಕ್ಕೂ ಹೋಗಿ ಬಂದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಹೆಸರಾದ ಜಾನ್ ಮಾರ್ಷಲ್ ಅಂಥವರಲ್ಲೊಬ್ಬರು.

1781ರ ಜನವರಿಯಲ್ಲಿ ಬ್ರಿಟಿಷ್ ಪಡೆಗಳು ವರ್ಜೀನಿಯಾಕ್ಕೆ ನುಗ್ಗಿದವು. ಊರಲ್ಲಿ ಉಳಿದಿದ್ದ ಕೆಲವೇ ಸದಸ್ಯರು ಕೊನೆಯ ಸಭೆ ಸೇರಿದರು. ಸಂಘದ ಕಾಗದಪತ್ರಗಳಿಗೆ ಮುದ್ರೆ ಹಾಕಿ ಕಾಲೇಜಿನ ಉಗ್ರಾಣಾಧಿಕಾರಿಯ ಕೈಗೊಪ್ಪಿಸಿ ಚದುರಿದರು. ಹುಟ್ಟಿದ ಊರಲ್ಲಿ ಸಂಘದ ಬಾಗಿಲು ಮುಚ್ಚಿತು. ಆದರೆ ಆ ಹೊತ್ತಿಗಾಗಲೇ ಎಲೀಶಾ ಪಾರ್ಮಿಲಿ ಎಂಬ ಸದಸ್ಯ ಶಾಖೆ ತೆರೆಯುವ ಸನ್ನದುಗಳನ್ನು ಉತ್ತರಕ್ಕೆ ಒಯ್ದಿದ್ದರು. 1780ರಲ್ಲಿ ಯೇಲ್, 1781ರಲ್ಲಿ ಹಾರ್ವರ್ಡ್ ಕಾಲೇಜುಗಳಲ್ಲಿ ಶಾಖೆಗಳು ಆರಂಭವಾದವು. ಸಂಘ ಉಳಿದದ್ದು ಅವುಗಳಿಂದ. ಒಂದು ಕಡೆ ನಂದಿದರೂ ಇನ್ನೊಂದು ಕಡೆ ಉರಿಯುತ್ತಿರಲಿ ಎಂಬ ಈ ಉಪಾಯವೇ ಮುಂದಿನ ಯುದ್ಧಗಳಲ್ಲಿ ಫ್ರೆಟರ್ನಿಟಿಗಳನ್ನು ಕಾಪಾಡಿತು. ಫೈ ಬೀಟಾ ಕಪ್ಪಾ ಕಾಲಕ್ರಮದಲ್ಲಿ ತನ್ನ ರಹಸ್ಯವನ್ನು ಬಿಟ್ಟು ಪ್ರತಿಭಾವಂತರಿಗೆ ಸಲ್ಲುವ ಗೌರವ ಸಂಘವಾಯಿತು.

ಇಂದಿನ ಬಗೆಯ ಫ್ರೆಟರ್ನಿಟಿಗಳು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಸೊಸೈಟಿ, 1844ರಲ್ಲಿ ಯೇಲ್‌ನಲ್ಲಿ ಡೆಲ್ಟಾ ಕಪ್ಪಾ ಎಪ್ಸಿಲಾನ್ ಹುಟ್ಟಿದವು. ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯವೊಂದರಲ್ಲೇ ಮೂರು ದೊಡ್ಡ ಸಂಘಗಳು ತಲೆಯೆತ್ತಿದವು: 1839ರಲ್ಲಿ ಬೀಟಾ ಥೀಟಾ ಪೈ, 1848ರಲ್ಲಿ ಫೈ ಡೆಲ್ಟಾ ಥೀಟಾ, 1855ರಲ್ಲಿ ಸಿಗ್ಮಾ ಕೈ. ದಕ್ಷಿಣದ ಅಲಬಾಮ ವಿಶ್ವವಿದ್ಯಾಲಯದಲ್ಲಿ 1856ರ ಮಾರ್ಚ್ 9ರಂದು ಸಿಗ್ಮಾ ಆಲ್ಫಾ ಎಪ್ಸಿಲಾನ್ ಸ್ಥಾಪನೆಯಾಯಿತು. 1860ರ ಹೊತ್ತಿಗೆ ಹಲವು ಸಂಘಗಳಿಗೆ ಉತ್ತರದಲ್ಲೂ ದಕ್ಷಿಣದಲ್ಲೂ ಶಾಖೆಗಳಿದ್ದವು. ಗುಲಾಮಗಿರಿಯ ಪ್ರಶ್ನೆ ದೇಶವನ್ನು ಸೀಳುತ್ತಿದ್ದಾಗ, ಎರಡೂ ಕಡೆಯ ಹುಡುಗರು ಒಂದೇ ಪ್ರಮಾಣ ಮಾಡಿ ಒಂದೇ ಬಿಲ್ಲೆ ತೊಟ್ಟಿದ್ದರು.

1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದರು. ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಕಾಲೇಜುಗಳು ಕೆಲವೇ ತಿಂಗಳಲ್ಲಿ ಬಣಗುಟ್ಟಿದವು. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಹುಡುಗರು 'ಯೂನಿವರ್ಸಿಟಿ ಗ್ರೇಸ್' ಎಂಬ ತುಕಡಿ ಕಟ್ಟಿಕೊಂಡು ಹೊರಟರು. ಆ ವರ್ಷದ ಶರತ್ಕಾಲದಲ್ಲಿ ತರಗತಿಗೆ ಬಂದವರು ನಾಲ್ಕೇ ನಾಲ್ಕು ಮಂದಿ. ವಿಶ್ವವಿದ್ಯಾಲಯ ಬಾಗಿಲು ಹಾಕಿತು. 1863ರ ಜುಲೈ 3ರಂದು ಗೆಟಿಸ್‌ಬರ್ಗ್‌ನಲ್ಲಿ ನಡೆದ ಪಿಕೆಟ್ ದಾಳಿಯಲ್ಲಿ ಭಾಗವಹಿಸಿದ ಆ ತುಕಡಿಯವರಲ್ಲಿ ಸಾಯದೆ, ಗಾಯಗೊಳ್ಳದೆ, ಸೆರೆಯಾಗದೆ ಮರಳಿದವರು ಒಬ್ಬರೂ ಇಲ್ಲ ಎನ್ನುವಷ್ಟು ನಷ್ಟವಾಯಿತು. ತರಗತಿಯೇ ತುಕಡಿಯಾಗಿ ಹೊರಟಾಗ ಅದರ ಜೊತೆ ಫ್ರೆಟರ್ನಿಟಿಯ ಶಾಖೆಯೂ ಹೊರಟುಬಿಡುತ್ತಿತ್ತು. ಒಬ್ಬನು ಹೆಸರು ಬರೆಸಿದರೆ ಹಿಂದೆ ಉಳಿಯಲು ಇನ್ನೊಬ್ಬನಿಗೆ ಮನಸ್ಸು ಬರುತ್ತಿರಲಿಲ್ಲ.

ಇದಕ್ಕೆ ಸಿಗ್ಮಾ ಆಲ್ಫಾ ಎಪ್ಸಿಲಾನ್‌ಗಿಂತ ಬೇರೆ ಉದಾಹರಣೆ ಬೇಡ. ಯುದ್ಧ ಆರಂಭವಾದಾಗ ಅದರ ಸದಸ್ಯರ ಸಂಖ್ಯೆ ನಾನೂರನ್ನು ಮುಟ್ಟಿರಲಿಲ್ಲ. ಅವರಲ್ಲಿ 369 ಮಂದಿ ದಕ್ಷಿಣದ ಒಕ್ಕೂಟದ ಸೈನ್ಯ ಸೇರಿದರು, 7 ಮಂದಿ ಉತ್ತರದ ಪರ ಹೋರಾಡಿದರು ಎಂದು ಸಂಘದ ಇತಿಹಾಸ ಲೆಕ್ಕ ಕೊಡುತ್ತದೆ. ಅದರ ಮುಖ್ಯ ಸ್ಥಾಪಕ ನೋಬಲ್ ಲೆಸ್ಲಿ ಡಿವೋಟಿ ಯುದ್ಧ ಶುರುವಾಗುವ ಮೊದಲೇ ತೀರಿಕೊಂಡರು. ಪಾದ್ರಿಯಾಗಿ ಅಲಬಾಮದ ಪಡೆಗಳ ಜೊತೆಗಿದ್ದ ಅವರು 1861ರ ಫೆಬ್ರವರಿ 12ರಂದು ಮೊಬೈಲ್ ಕೊಲ್ಲಿಯ ಮೋರ್ಗನ್ ಕೋಟೆಯ ಬಳಿ ಹಡಗು ಹತ್ತುವಾಗ ನೀರಿಗೆ ಬಿದ್ದು ಮುಳುಗಿದರು. ಅಂತರ್ಯುದ್ಧದಲ್ಲಿ ಸೇವೆಯಲ್ಲಿದ್ದಾಗ ಸತ್ತವರಲ್ಲಿ ಮೊದಲಿಗರೆಂದು ಅವರನ್ನು ಹಲವರು ಎಣಿಸುತ್ತಾರೆ.

ಕೆಂಟಕಿ ಮಿಲಿಟರಿ ಇನ್‌ಸ್ಟಿಟ್ಯೂಟಿನಲ್ಲಿದ್ದ ಇದೇ ಸಂಘದ ಶಾಖೆಯವರು ಹೊರಡುವ ಮುನ್ನ ಒಂದು ಪೇಚಿಗೆ ಸಿಕ್ಕಿದರು. ಸಂಘದ ರಹಸ್ಯ ವಿಧಿಗಳನ್ನು ಬರೆದ ಕಾಗದಗಳನ್ನು ದಂಡಿನ ಜೊತೆ ಹೊತ್ತೊಯ್ಯುವಂತಿಲ್ಲ. ಬಿಟ್ಟುಹೋದರೆ ಕಾಯಲು ಒಬ್ಬ ಸದಸ್ಯನೂ ಉಳಿದಿಲ್ಲ. ಕೊನೆಗೆ ಅವನ್ನು ಲೂಸಿ ಪ್ಯಾಟಿ ಎಂಬ ನೆರೆಯ ಯುವತಿಯ ವಶಕ್ಕೆ ಕೊಟ್ಟರು. ಆಕೆ ಯುದ್ಧ ಮುಗಿಯುವವರೆಗೆ ಅವನ್ನು ಯಾರ ಕಣ್ಣಿಗೂ ಬೀಳದಂತೆ ಕಾಪಾಡಿ, ಬದುಕಿ ಬಂದವರಿಗೆ ಮರಳಿಸಿದಳು. ಗಂಡಸರಿಗೇ ಮೀಸಲಾದ ಆ ಸಂಘ ಆಕೆಯನ್ನು ಸದಸ್ಯೆಯೆಂದು ಗೌರವಿಸಿತು. ಯುದ್ಧ ಮುಗಿದಾಗ ಇಡೀ ಫ್ರೆಟರ್ನಿಟಿಯಲ್ಲಿ ಜೀವ ಹಿಡಿದಿದ್ದ ಶಾಖೆ ಒಂದೇ: ರಾಜಧಾನಿ ವಾಷಿಂಗ್ಟನ್‌ನ ಕೊಲಂಬಿಯನ್ ಕಾಲೇಜಿನದು. ದಕ್ಷಿಣದಲ್ಲಿ ಹುಟ್ಟಿದ ಸಂಘ ಉತ್ತರದ ರಾಜಧಾನಿಯಲ್ಲಿ ಉಸಿರಾಡಿತು.

ಸಿಗ್ಮಾ ಕೈ ಸದಸ್ಯರು ಇನ್ನೊಂದು ದಾರಿ ಹಿಡಿದರು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಮಾಣ ಸ್ವೀಕರಿಸಿದ್ದ ಹ್ಯಾರಿ ಸೇಂಟ್ ಜಾನ್ ಡಿಕ್ಸನ್ ಎಂಬ ಮಿಸಿಸಿಪ್ಪಿಯ ಯುವಕ ದಕ್ಷಿಣದ ಸೈನ್ಯದಲ್ಲಿದ್ದ. ದಂಡಿನಲ್ಲಿ ಭೇಟಿಯಾದ ಸಂಘದ ಸೋದರರ ಹೆಸರುಗಳನ್ನು ತನ್ನ ದಿನಚರಿಯ ಖಾಲಿ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. 1864ರ ಸೆಪ್ಟೆಂಬರ್ 2ರಂದು ಅಟ್ಲಾಂಟಾ ನಗರ ಉತ್ತರದವರ ವಶವಾಯಿತು. ಎರಡು ವಾರ ಕಳೆದು, ಸೆಪ್ಟೆಂಬರ್ 17ರ ರಾತ್ರಿ, ಅಟ್ಲಾಂಟಾದ ನೈರುತ್ಯಕ್ಕೆ ಕೆಲವು ಮೈಲಿ ದೂರದ ಒಂದು ಪಾಳುಬಿದ್ದ ಮರದ ಗುಡಿಸಲಲ್ಲಿ ಡಿಕ್ಸನ್ ಮತ್ತು ಗೆಳೆಯರು ಸೇರಿ 'ಕಾನ್‌ಸ್ಟಂಟೈನ್ ಚಾಪ್ಟರ್' ಎಂಬ ಶಾಖೆಯನ್ನು ಸ್ಥಾಪಿಸಿದರು. ಬಿಲ್ಲೆ ಮಾಡಿಸಲು ಅಕ್ಕಸಾಲಿಗ ಎಲ್ಲಿಂದ ಬರಬೇಕು? ಡಿಕ್ಸನ್ ಒಂದು ಬೆಳ್ಳಿಯ ಅರ್ಧ ಡಾಲರ್ ನಾಣ್ಯವನ್ನೇ ಕೆತ್ತಿ ಸಿಗ್ಮಾ ಕೈ ಶಿಲುಬೆಯ ಆಕಾರಕ್ಕೆ ತಂದ. ಉತ್ತರದ ಶಾಖೆಗಳ ಸುದ್ದಿಯೇ ಇಲ್ಲದಿದ್ದ ಕಾಲ ಅದು. ಸಂಘ ಎಲ್ಲ ಕಡೆ ಅಳಿದರೂ ಇಲ್ಲೊಂದು ಕೊಂಡಿ ಉಳಿದಿರಲಿ ಎಂಬುದು ಅವರ ಉದ್ದೇಶವಾಗಿತ್ತು. ಕಾಲೇಜಿಗೆ ಸೇರದ, ಸೈನ್ಯದೊಳಗೇ ಹುಟ್ಟಿದ ಈ ಶಾಖೆಯ ನೆನಪಿಗೆ 1939ರಲ್ಲಿ ಜಾರ್ಜಿಯಾ ರಾಜ್ಯದ ಕ್ಲೇಟನ್ ಕೌಂಟಿಯಲ್ಲಿ ಸ್ಮಾರಕ ನಿಲ್ಲಿಸಲಾಯಿತು.

ಉತ್ತರದ ಕಡೆಯೂ ಫ್ರೆಟರ್ನಿಟಿಯ ಹೆಸರುಗಳು ಕಡಿಮೆಯಿಲ್ಲ. ಮೇನ್ ರಾಜ್ಯದ ಬೌಡನ್ ಕಾಲೇಜಿನಲ್ಲಿ ಆಲ್ಫಾ ಡೆಲ್ಟಾ ಫೈ ಸದಸ್ಯರಾಗಿದ್ದು, ಅಲ್ಲೇ ಪ್ರಾಧ್ಯಾಪಕರಾದ ಜೋಶುವಾ ಚೇಂಬರ್ಲಿನ್ 1862ರಲ್ಲಿ ವ್ಯಾಸಂಗಕ್ಕೆಂದು ಯುರೋಪಿಗೆ ಹೋಗಲು ರಜೆ ಪಡೆದಿದ್ದರು. ಯುರೋಪಿಗೆ ಹೋಗುವ ಬದಲು ಸೈನ್ಯ ಸೇರಿದರು. 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದಲ್ಲಿ, ಮದ್ದುಗುಂಡು ತೀರುತ್ತ ಬಂದಾಗ, ಬಂದೂಕಿನ ತುದಿಯ ಬಯೊನೆಟ್ ಹಿಡಿದು ಇಳಿಜಾರಿನಲ್ಲಿ ನುಗ್ಗಲು ತಮ್ಮ ತುಕಡಿಗೆ ಆಜ್ಞೆ ಕೊಟ್ಟ ಕರ್ನಲ್ ಇವರೇ. ಮುಂದೆ ಅವರಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ದೊರೆಯಿತು. ಫೈ ಡೆಲ್ಟಾ ಥೀಟಾ ಸದಸ್ಯ ಬೆಂಜಮಿನ್ ಹ್ಯಾರಿಸನ್ ಇಂಡಿಯಾನಾದಲ್ಲಿ ಪಡೆ ಕಟ್ಟಿ ಅಟ್ಲಾಂಟಾ ದಂಡಯಾತ್ರೆಯಲ್ಲಿ ಹೋರಾಡಿದರು, 1889ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1864ರ ಏಪ್ರಿಲ್ 29ರಂದು, ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದ ರೆನ್ಸೆಲರ್ ತಾಂತ್ರಿಕ ವಿದ್ಯಾಲಯದಲ್ಲಿ ಎಂಟು ವಿದ್ಯಾರ್ಥಿಗಳು ಥೀಟಾ ಕ್ಸೈ ಸಂಘವನ್ನು ಸ್ಥಾಪಿಸಿದರು. ಅಂತರ್ಯುದ್ಧದ ಅವಧಿಯಲ್ಲಿ ಹುಟ್ಟಿ ಉಳಿದ ರಾಷ್ಟ್ರೀಯ ಫ್ರೆಟರ್ನಿಟಿ ಇದೊಂದೇ.

ಯುದ್ಧ ಮುಗಿದ ಮೇಲೆ ಕಾಲೇಜಿಗೆ ಮರಳಿದವರು ಹುಡುಗರಾಗಿ ಉಳಿದಿರಲಿಲ್ಲ. ಹೊಸ ಸಂಘಗಳನ್ನು ಕಟ್ಟಿದವರು ಅವರೇ. ಲೆಕ್ಸಿಂಗ್ಟನ್‌ನ ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟಿನ 257 ಕೆಡೆಟ್‌ಗಳನ್ನು 1864ರ ಮೇ 15ರಂದು ನ್ಯೂ ಮಾರ್ಕೆಟ್ ಕದನಕ್ಕೆ ಇಳಿಸಲಾಗಿತ್ತು. ಹತ್ತು ಮಂದಿ ಆ ದಿನವೋ ಆಮೇಲೆ ಗಾಯಗಳಿಂದಲೋ ಸತ್ತರು. ಆ ಸಂಸ್ಥೆಯ ಕೆಡೆಟ್ ಆಗಿದ್ದ ಹತ್ತೊಂಬತ್ತು ವರ್ಷದ ಓಟಿಸ್ ಆಲನ್ ಗ್ಲೇಜ್‌ಬ್ರುಕ್ ಇಬ್ಬರು ಜೊತೆಗಾರರೊಡನೆ 1865ರ ಸೆಪ್ಟೆಂಬರ್ 11ರಂದು ಆಲ್ಫಾ ಟಾವ್ ಒಮೆಗಾ ಸ್ಥಾಪಿಸಿದರು. ಕಾದಾಡಿದ ಉತ್ತರ ದಕ್ಷಿಣಗಳ ಯುವಕರನ್ನು ಮತ್ತೆ ಒಂದುಗೂಡಿಸುವುದು ಅದರ ಘೋಷಿತ ಗುರಿ. 1869ರ ಜನವರಿ 1ರಂದು ಅದೇ ಸಂಸ್ಥೆಯಲ್ಲಿ ಸಿಗ್ಮಾ ನ್ಯೂ ಹುಟ್ಟಿತು. ಅದರ ಸ್ಥಾಪಕ ಜೇಮ್ಸ್ ಫ್ರಾಂಕ್ ಹಾಪ್ಕಿನ್ಸ್ ಯುದ್ಧದಿಂದ ಮರಳಿದವರು. ಹಿರಿಯ ಕೆಡೆಟ್‌ಗಳು ಕಿರಿಯರನ್ನು ಹಿಂಸಿಸುವ ರೂಢಿ, ಅಂದರೆ ಇಂದಿನ ಮಾತಿನಲ್ಲಿ ರ‍್ಯಾಗಿಂಗ್, ಅವರಿಗೆ ಸಹಿಸದಾಯಿತು. ಅದನ್ನು ವಿರೋಧಿಸಲೆಂದೇ ಅವರು ಸಂಘ ಕಟ್ಟಿದರು.

ಹೀಗೆ ಹುಟ್ಟಿದ ಎಲ್ಲ ಸಂಘಗಳೂ ಹಗೆಯನ್ನು ಮರೆಯಲು ಹುಟ್ಟಿದವಲ್ಲ. 1865ರ ಡಿಸೆಂಬರ್‌ನಲ್ಲಿ ಲೆಕ್ಸಿಂಗ್ಟನ್‌ನದೇ ಆದ ವಾಷಿಂಗ್ಟನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಆರ್ಡರ್ ಆರಂಭವಾಯಿತು. ಸೋತ ದಕ್ಷಿಣದ ಸೇನಾನಿ ರಾಬರ್ಟ್ ಲೀ ಆಗ ಆ ಕಾಲೇಜಿನ ಅಧ್ಯಕ್ಷರು. ಸಂಘ ಅವರನ್ನು ತನ್ನ ಆದರ್ಶಪುರುಷನನ್ನಾಗಿ ಮಾಡಿಕೊಂಡಿತು. ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ಸೈನ್ಯದ ನೆನಪು ಶೌರ್ಯದ ಕಥೆಯಾಗಿ ಮಾರ್ಪಟ್ಟದ್ದರಲ್ಲಿ ಇಂಥ ಸಂಘಗಳ ಪಾಲೂ ಇದೆ. 'ಓಲ್ಡ್ ಸೌತ್' ಹೆಸರಿನ ಉತ್ಸವಗಳಲ್ಲಿ ಸದಸ್ಯರು ದಕ್ಷಿಣದ ಸೈನಿಕರ ಸಮವಸ್ತ್ರ ತೊಡುವುದನ್ನು ಕಪ್ಪಾ ಆಲ್ಫಾ ಆರ್ಡರ್‌ನ ಕೇಂದ್ರ ಸಂಸ್ಥೆ ನಿಷೇಧಿಸಿದ್ದು 2010ರಲ್ಲಿ.

ಮುಂದಿನ ಅರ್ಧ ಶತಮಾನದಲ್ಲಿ ಕಾಲೇಜು ಮತ್ತು ಸೈನ್ಯದ ಸಂಬಂಧ ಕಾನೂನಿನ ರೂಪ ಪಡೆಯಿತು. 1862ರ ಮೊರಿಲ್ ಕಾಯಿದೆಯಡಿ ಸರ್ಕಾರದ ಭೂಮಿ ಪಡೆದ ಕಾಲೇಜುಗಳು ಸೈನಿಕ ಶಿಕ್ಷಣವನ್ನೂ ಕೊಡಬೇಕಾಗಿತ್ತು. ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಕವಾಯತು ಕಲಿಸುತ್ತಿದ್ದ ಜಾನ್ ಪರ್ಶಿಂಗ್ ಅವರ ತಂಡದಿಂದ ಬೆಳೆದ 'ಪರ್ಶಿಂಗ್ ರೈಫಲ್ಸ್', 1904ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ 'ಸ್ಕ್ಯಾಬರ್ಡ್ ಅಂಡ್ ಬ್ಲೇಡ್' ಇವೆಲ್ಲ ಸೈನಿಕ ಶಿಕ್ಷಣ ಪಡೆಯುವ ವಿದ್ಯಾರ್ಥಿಗಳ ಸೋದರ ಸಂಘಗಳೇ. 1916ರ ರಾಷ್ಟ್ರೀಯ ರಕ್ಷಣಾ ಕಾಯಿದೆ ಕಾಲೇಜುಗಳಲ್ಲಿ ಮೀಸಲು ಅಧಿಕಾರಿಗಳ ತರಬೇತಿ ದಳವನ್ನು ಸ್ಥಾಪಿಸಿತು. ಮುಂದೆ 1948ರಲ್ಲಿ ನಮ್ಮಲ್ಲಿ ಆರಂಭವಾದ ಎನ್‌ಸಿಸಿಯನ್ನು ಬಲ್ಲವರಿಗೆ ಅದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ವ್ಯತ್ಯಾಸವೆಂದರೆ, ಅಮೆರಿಕದ ದಳದ ಪ್ರಧಾನ ಉದ್ದೇಶವೇ ಸೈನ್ಯಕ್ಕೆ ಅಧಿಕಾರಿಗಳನ್ನು ಒದಗಿಸುವುದು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಮೇ 18ರಂದು ಕಡ್ಡಾಯ ಸೇನಾ ಭರ್ತಿಯ ಕಾಯಿದೆ ಬಂತು. ಆದರೆ ಫ್ರೆಟರ್ನಿಟಿಗಳ ಅನೇಕರು ಅದಕ್ಕೂ ಮೊದಲೇ, ಫ್ರಾನ್ಸಿನಲ್ಲಿ ಆಂಬುಲೆನ್ಸ್ ಚಾಲಕರಾಗಿ ದುಡಿಯಲು ಕಾಲೇಜುಗಳಿಂದ ಹೋಗಿದ್ದರು. ಹಿರಿಯ ವಿದ್ಯಾರ್ಥಿಗಳು ಅಧಿಕಾರಿ ತರಬೇತಿ ಶಿಬಿರ ಸೇರಿದರು. ಸಂಘಗಳ ಮನೆಗಳಲ್ಲಿ ಉಳಿದವರು ಹೆಚ್ಚಾಗಿ ಕಿರಿಯ ಹೊಸಬರು. ವಿಧಿಗಳನ್ನು ಅವರಿಗೆ ಕಲಿಸಿಕೊಡುವ ಹಿರಿಯರೇ ಇಲ್ಲವಾದರು.

1918ರ ಅಕ್ಟೋಬರ್ 1ರಂದು ದೊಡ್ಡ ಪೆಟ್ಟು ಬಿತ್ತು. ಆ ದಿನ ದೇಶದ 500ಕ್ಕೂ ಹೆಚ್ಚು ಕಾಲೇಜುಗಳಲ್ಲಿ ಸುಮಾರು 1,40,000 ವಿದ್ಯಾರ್ಥಿಗಳು ಏಕಕಾಲಕ್ಕೆ 'ವಿದ್ಯಾರ್ಥಿ ಸೇನಾ ತರಬೇತಿ ದಳ'ದ ಸೈನಿಕರಾಗಿ ಪ್ರಮಾಣ ಸ್ವೀಕರಿಸಿದರು. ಅಂದಿನಿಂದ ಅವರ ಊಟ, ವಸತಿ, ಸಂಬಳ ಎಲ್ಲ ಸೈನ್ಯದ್ದು. ಫ್ರೆಟರ್ನಿಟಿ ಮನೆಗಳು ಬ್ಯಾರಕ್‌ಗಳಾದವು. ಮೇಲುಕೀಳಿನ ಶ್ರೇಣಿಯಿಂದ ನಡೆಯುವ ಸೈನ್ಯಕ್ಕೂ ಎಲ್ಲರೂ ಸೋದರರೆನ್ನುವ ಸಂಘಕ್ಕೂ ಕೂಡಿಬರದು ಎಂದು ಯುದ್ಧ ಇಲಾಖೆ ಎಣಿಸಿತು. ಫ್ರೆಟರ್ನಿಟಿ ಚಟುವಟಿಕೆಗಳನ್ನು ಸ್ಥಗಿತಗೊಳಿಸಲು ಹೇಳಿತು. ಸಂಘಗಳ ಮುಖಂಡರು ಅಹವಾಲು ಒಯ್ದ ಮೇಲೆ ಅದು ಸ್ವಲ್ಪ ಸಡಿಲವಾಯಿತು. ಅದೇ ತಿಂಗಳು ಇನ್‌ಫ್ಲುಯೆಂಜಾ ಮಹಾಮಾರಿ ಬ್ಯಾರಕ್‌ಗಳಿಗೆ ನುಗ್ಗಿತು. ನವೆಂಬರ್ 11ರಂದು ಕದನವಿರಾಮವಾಯಿತು, ಡಿಸೆಂಬರ್‌ನಲ್ಲಿ ದಳವನ್ನು ವಿಸರ್ಜಿಸಲಾಯಿತು. ದಳದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ವಿದ್ಯಾರ್ಥಿಗಳು ಅದಕ್ಕೆ 'ಶನಿವಾರ ಮಧ್ಯಾಹ್ನದ ಚಹಾಕೂಟ' ಎಂದು ಗೇಲಿಯ ಹೆಸರಿಟ್ಟರು.

ಇದೇ ಯುದ್ಧದಲ್ಲಿ ಇನ್ನೊಂದು ಬಗೆಯ ಫ್ರೆಟರ್ನಿಟಿಗಳೂ ಪರೀಕ್ಷೆಗೆ ಒಳಗಾದವು. ಬಿಳಿಯರ ಸಂಘಗಳು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಪ್ಪು ವಿದ್ಯಾರ್ಥಿಗಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡರು: 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ, 1911ರಲ್ಲಿ ಇಂಡಿಯಾನಾದಲ್ಲಿ ಕಪ್ಪಾ ಆಲ್ಫಾ ಸೈ, ಅದೇ ವರ್ಷ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಒಮೆಗಾ ಸೈ ಫೈ. 1917ರಲ್ಲಿ ಅಧಿಕಾರಿ ತರಬೇತಿ ಶಿಬಿರಗಳಲ್ಲಿ ಕಪ್ಪು ಯುವಕರಿಗೆ ಮೊದಲು ಜಾಗವಿರಲಿಲ್ಲ. ಹೋವರ್ಡ್‌ನ ವಿದ್ಯಾರ್ಥಿಗಳೂ ಅಧ್ಯಾಪಕರೂ ಇತರ ಕಾಲೇಜುಗಳವರೊಡನೆ ಸೇರಿ ಅಭ್ಯರ್ಥಿಗಳ ಪಟ್ಟಿ ತಯಾರಿಸಿ ಸರ್ಕಾರದ ಮುಂದಿಟ್ಟರು. ಅಯೋವಾ ರಾಜ್ಯದ ಡಿ ಮಾಯ್ನ್ ಕೋಟೆಯಲ್ಲಿ ಕಪ್ಪು ಅಧಿಕಾರಿಗಳಿಗಾಗಿ ಪ್ರತ್ಯೇಕ ಶಿಬಿರ ತೆರೆಯಿತು. ಅಕ್ಟೋಬರ್ 15ರಂದು ಅಲ್ಲಿಂದ 639 ಮಂದಿ ಅಧಿಕಾರಿಗಳಾಗಿ ಹೊರಬಂದರು.

ಅವರಲ್ಲಿ ಆಲ್ಫಾ ಫೈ ಆಲ್ಫಾ ಸದಸ್ಯ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಒಬ್ಬರು. ಆಮ್‌ಹರ್ಸ್ಟ್ ಕಾಲೇಜಿನ ಪದವೀಧರರಾದ ಅವರು ಹೋವರ್ಡ್‌ನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಫ್ರಾನ್ಸಿನಲ್ಲಿ ಶತ್ರುವಿಗಿಂತ ಹೆಚ್ಚಾಗಿ ತಮ್ಮದೇ ಸೈನ್ಯದ ಬಿಳಿಯರಿಂದ ಆದ ಅವಮಾನ ಅವರನ್ನು ಕಾನೂನಿನತ್ತ ತಿರುಗಿಸಿತು. ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಹೋವರ್ಡ್‌ನ ಕಾನೂನು ಶಾಲೆಯನ್ನು ನಾಗರಿಕ ಹಕ್ಕುಗಳ ಹೋರಾಟದ ತರಬೇತಿ ನೆಲೆಯಾಗಿ ಬೆಳೆಸಿದರು. ಅವರ ಶಿಷ್ಯ, ಅದೇ ಫ್ರೆಟರ್ನಿಟಿಯ ಸದಸ್ಯ ತರ್ಗುಡ್ ಮಾರ್ಷಲ್ 1954ರಲ್ಲಿ ಶಾಲೆಗಳ ವರ್ಣಭೇದವನ್ನು ಸುಪ್ರೀಂ ಕೋರ್ಟಿನಲ್ಲಿ ಸೋಲಿಸಿದರು. ಒಮೆಗಾ ಸೈ ಫೈ ಸದಸ್ಯರಾಗಿದ್ದ ಕರ್ನಲ್ ಚಾರ್ಲ್ಸ್ ಯಂಗ್ ಅವರನ್ನು ಅನಾರೋಗ್ಯದ ನೆಪವೊಡ್ಡಿ ನಿವೃತ್ತಿಗೊಳಿಸಲಾಗಿತ್ತು. ತಾವು ಗಟ್ಟಿಯಾಗಿದ್ದೇವೆಂದು ತೋರಿಸಲು ಅವರು 1918ರ ಜೂನ್‌ನಲ್ಲಿ ಒಹಾಯೊದಿಂದ ವಾಷಿಂಗ್ಟನ್‌ವರೆಗೆ ಸುಮಾರು 500 ಮೈಲಿ ಕುದುರೆಯ ಮೇಲೆ ಬಂದರು.

ಯುದ್ಧದ ನೆನಪು ಸಂಘಗಳಲ್ಲಿ ಎರಡು ರೂಪ ತಾಳಿತು. ಒಂದು ಸ್ಮಾರಕ: ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ 1930ರಲ್ಲಿ ಸಮರ್ಪಣೆಗೊಂಡ, ಸಿಗ್ಮಾ ಆಲ್ಫಾ ಎಪ್ಸಿಲಾನ್‌ನ ಲೆವೀರ್ ಸ್ಮಾರಕ ಮಂದಿರ ಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಸದಸ್ಯರ ಗೌರವಾರ್ಥ ಕಟ್ಟಿದ್ದು. ಇನ್ನೊಂದು ಸೇವೆ: ಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಫ್ರಾಂಕ್ ರೀಡ್ ಹಾರ್ಟನ್ 1925ರ ಡಿಸೆಂಬರ್ 16ರಂದು ಪೆನ್ಸಿಲ್ವೇನಿಯಾದ ಲಫಯೆಟ್ ಕಾಲೇಜಿನಲ್ಲಿ ಆಲ್ಫಾ ಫೈ ಒಮೆಗಾ ಆರಂಭಿಸಿದರು. ಸ್ಕೌಟ್ ತತ್ತ್ವಗಳನ್ನು ಆಧರಿಸಿದ ಆ ಸಂಘಕ್ಕೆ ಮನೆಯೂ ಬೇಡ, ಮೋಜೂ ಬೇಡ, ಜನಸೇವೆಯೇ ಕೆಲಸ.

ಎರಡನೆಯ ಮಹಾಯುದ್ಧ ಈ ಎಲ್ಲವನ್ನೂ ಮೀರಿಸಿತು. 1940ರ ಸೆಪ್ಟೆಂಬರ್ 16ರಂದು ಅಮೆರಿಕ ಮೊದಲ ಬಾರಿಗೆ ಶಾಂತಿಕಾಲದಲ್ಲೇ ಕಡ್ಡಾಯ ಭರ್ತಿ ತಂದಿತು. 1942ರ ನವೆಂಬರ್‌ನಲ್ಲಿ ಭರ್ತಿಯ ವಯಸ್ಸು ಹದಿನೆಂಟಕ್ಕೆ ಇಳಿಯಿತು. 1943ರ ಬೇಸಿಗೆಯ ಹೊತ್ತಿಗೆ ಫ್ರೆಟರ್ನಿಟಿ ಮನೆಗಳಲ್ಲಿ ಇರಬೇಕಾದ ವಯಸ್ಸಿನವರಲ್ಲಿ ಹೆಚ್ಚಿನವರು ಸಮವಸ್ತ್ರದಲ್ಲಿದ್ದರು.

ಮನೆಗಳನ್ನು ಉಳಿಸಿಕೊಳ್ಳುವುದೇ ಆಗ ಸಂಘಗಳಿಗೆ ದೊಡ್ಡ ಚಿಂತೆಯಾಯಿತು. ಈ ಮನೆಗಳ ಒಡೆತನ ಸಾಮಾನ್ಯವಾಗಿ ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ನಿಗಮದ್ದು. ಕಟ್ಟಡ ಸಾಲದ ಮೇಲೆ ಎದ್ದಿರುತ್ತದೆ, ಸದಸ್ಯರ ಬಾಡಿಗೆಯಿಂದ ಕಂತು ತೀರುತ್ತದೆ. ಸದಸ್ಯರೇ ಇಲ್ಲವೆಂದರೆ ಕಂತು ಕಟ್ಟುವವರು ಯಾರು? ಮನೆಗಳನ್ನು ಸೈನ್ಯಕ್ಕೆ, ನೌಕಾಪಡೆಗೆ, ವಿಶ್ವವಿದ್ಯಾಲಯಕ್ಕೆ ಬಾಡಿಗೆಗೆ ಕೊಟ್ಟರು. ಹಲವು ಕಡೆ ವಿದ್ಯಾರ್ಥಿನಿಯರು ಬಂದು ನೆಲೆಸಿದರು. ಸಂಘಗಳ ಪತ್ರಿಕೆಗಳ ಪುಟಗಳಲ್ಲಿ ಕುಣಿತದ ಕೂಟಗಳ ವರದಿಯ ಜಾಗಕ್ಕೆ ಸೈನಿಕರ ಪತ್ರಗಳು, ಬಡ್ತಿ ಪದಕಗಳ ಸುದ್ದಿ, ಚಿನ್ನದ ನಕ್ಷತ್ರ ಹಚ್ಚಿದ ಮೃತರ ಪಟ್ಟಿ ಬಂದವು.

ಕಾಲೇಜುಗಳನ್ನು ಸೈನ್ಯ ಪೂರ್ತಿ ಖಾಲಿ ಮಾಡಲಿಲ್ಲ. ಅವನ್ನೇ ತರಬೇತಿ ಕೇಂದ್ರ ಮಾಡಿಕೊಂಡಿತು. 1943ರ ಜುಲೈ 1ರಂದು 131 ಕಾಲೇಜುಗಳಲ್ಲಿ ನೌಕಾಪಡೆಯ ವಿ-12 ಯೋಜನೆ ಆರಂಭವಾಯಿತು. ಒಟ್ಟು 1,25,000ಕ್ಕೂ ಹೆಚ್ಚು ಯುವಕರು ಅದರಲ್ಲಿ ಓದಿದರು, ಸುಮಾರು 60,000 ಮಂದಿ ಅಧಿಕಾರಿಗಳಾದರು. ಇವರಿಗೆ ಬಿಡುವಿನ ವೇಳೆಯಲ್ಲಿ ಕಾಲೇಜಿನ ಸಂಘಗಳಲ್ಲಿ ಪಾಲ್ಗೊಳ್ಳಲು ಅವಕಾಶವಿದ್ದುದರಿಂದ ಕೆಲವು ಶಾಖೆಗಳು ಉಸಿರು ಹಿಡಿದವು. ಭೂಸೈನ್ಯದ ಇಂಥದೇ ಯೋಜನೆ ಹೆಚ್ಚು ಕಾಲ ಬಾಳಲಿಲ್ಲ. ಕಾಲಾಳುಗಳ ಕೊರತೆ ಕಾಡಿದಾಗ, 1944ರ ಫೆಬ್ರವರಿಯಲ್ಲಿ ಅದನ್ನು ಮೊಟಕುಗೊಳಿಸಿ ಸುಮಾರು 1,10,000 ವಿದ್ಯಾರ್ಥಿಗಳನ್ನು ತುಕಡಿಗಳಿಗೆ ಕಳಿಸಲಾಯಿತು.

ಆ ತಲೆಮಾರಿನ ಕೆಲವು ಹೆಸರುಗಳೇ ಸಾಕು. ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ, ಫೈ ಕಪ್ಪಾ ಸೈ ಸದಸ್ಯ ನೈಲ್ ಕಿನ್ನಿಕ್ 1939ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಗೆದ್ದವರು. ಪರ್ಲ್ ಹಾರ್ಬರ್ ದಾಳಿಗೆ ಮೂರು ದಿನ ಮೊದಲು ನೌಕಾಪಡೆಯ ವಿಮಾನ ತರಬೇತಿಗೆ ಹಾಜರಾದರು. 1943ರ ಜೂನ್ 2ರಂದು ತರಬೇತಿ ಹಾರಾಟದಲ್ಲಿ, ವೆನೆಜುವೆಲಾ ಕರಾವಳಿಯಾಚೆ, ಎಣ್ಣೆ ಸೋರಿದ ವಿಮಾನದೊಡನೆ ಸಮುದ್ರ ಪಾಲಾದರು. ಆಗ ಅವರಿಗೆ 24 ವರ್ಷ. ಕೊಲರಾಡೊದಲ್ಲಿ ಸಿಗ್ಮಾ ನ್ಯೂ ಸದಸ್ಯರಾಗಿದ್ದ ವಾದ್ಯವೃಂದ ನಾಯಕ ಗ್ಲೆನ್ ಮಿಲ್ಲರ್ ವಾಯುಪಡೆಯ ಬ್ಯಾಂಡನ್ನು ಮುನ್ನಡೆಸುತ್ತಿದ್ದರು. 1944ರ ಡಿಸೆಂಬರ್ 15ರಂದು ಇಂಗ್ಲಿಷ್ ಕಾಲುವೆಯ ಮೇಲೆ ಅವರ ವಿಮಾನ ಕಣ್ಮರೆಯಾಯಿತು. ಕಾನ್ಸಸ್ ವಿಶ್ವವಿದ್ಯಾಲಯದ ಕಪ್ಪಾ ಸಿಗ್ಮಾ ಮನೆಯಿಂದ ಹೊರಟ ಬಾಬ್ ಡೋಲ್ 1945ರ ಏಪ್ರಿಲ್ 14ರಂದು ಇಟಲಿಯ ಗುಡ್ಡಗಳಲ್ಲಿ ತೀವ್ರವಾಗಿ ಗಾಯಗೊಂಡರು. ಮೂರು ವರ್ಷಕ್ಕೂ ಹೆಚ್ಚು ಆಸ್ಪತ್ರೆಯಲ್ಲಿದ್ದು, ಸ್ವಾಧೀನ ತಪ್ಪಿದ ಬಲಗೈಯೊಂದಿಗೇ ಮುಂದೆ ಸೆನೆಟ್ಟಿನ ನಾಯಕರಾದರು. ಮಿಷಿಗನ್‌ನ ಡೆಲ್ಟಾ ಕಪ್ಪಾ ಎಪ್ಸಿಲಾನ್ ಸದಸ್ಯ ಜೆರಾಲ್ಡ್ ಫೋರ್ಡ್ ಪೆಸಿಫಿಕ್‌ನಲ್ಲಿ ಮಾಂಟೆರೆ ವಿಮಾನವಾಹಕ ನೌಕೆಯಲ್ಲಿದ್ದರು. 1944ರ ಡಿಸೆಂಬರ್‌ನ ಚಂಡಮಾರುತದಲ್ಲಿ ಡೆಕ್ಕಿನಿಂದ ಸಮುದ್ರಕ್ಕೆ ಎಸೆಯಲ್ಪಡುವುದರಿಂದ ಸ್ವಲ್ಪದರಲ್ಲಿ ಪಾರಾದರು. ಸೊರೋರಿಟಿಗಳೂ ಹಿಂದೆ ಬೀಳಲಿಲ್ಲ. ಡೆಲ್ಟಾ ಸಿಗ್ಮಾ ಥೀಟಾ ಸದಸ್ಯೆ ಚಾರಿಟಿ ಆಡಮ್ಸ್ 855 ಕಪ್ಪು ಮಹಿಳೆಯರ 6888ನೆಯ ಅಂಚೆ ದಳದ ದಳಪತಿಯಾಗಿ 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ರಾಶಿ ಬಿದ್ದಿದ್ದ ಸೈನಿಕರ ಅಂಚೆಯನ್ನು ವಿಲೇವಾರಿ ಮಾಡಲು ಕೊಟ್ಟ ಗಡುವು ಆರು ತಿಂಗಳು; ಅವರ ದಳ ಮೂರೇ ತಿಂಗಳಲ್ಲಿ ಮುಗಿಸಿತು.

1944ರ ಜೂನ್ 22ರ ಸೈನಿಕರ ಪುನರ್ವಸತಿ ಕಾಯಿದೆ, ಜನರ ಬಾಯಲ್ಲಿ 'ಜಿಐ ಬಿಲ್', ಯುದ್ಧದಿಂದ ಮರಳಿದವರಿಗೆ ಕಾಲೇಜು ಶುಲ್ಕವನ್ನೂ ಜೀವನಭತ್ಯೆಯನ್ನೂ ಕೊಟ್ಟಿತು. ಸುಮಾರು 22 ಲಕ್ಷ ಮಂದಿ ಅದರಿಂದ ಕಾಲೇಜು ಕಂಡರು. 1947ರಲ್ಲಿ ಕಾಲೇಜುಗಳ ಒಟ್ಟು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರೇ. ಮುಚ್ಚಿದ್ದ ಫ್ರೆಟರ್ನಿಟಿ ಮನೆಗಳು ತೆರೆದವು, ತುಂಬಿ ತುಳುಕಿದವು. ಆದರೆ ನಾರ್ಮಂಡಿಯಲ್ಲೋ ಒಕಿನಾವಾದಲ್ಲೋ ಗುಂಡಿನ ಮಳೆಯಲ್ಲಿ ನಿಂತು ಬಂದ ಇಪ್ಪತ್ತೈದರ ಯುವಕನಿಗೆ ಹತ್ತೊಂಬತ್ತರ ಹುಡುಗ ಬೆತ್ತ ಹಿಡಿದು 'ಬಗ್ಗು' ಎಂದರೆ ಅವನು ಬಗ್ಗುವುದುಂಟೆ? ಉಮೇದುವಾರರನ್ನು ಹಿಂಸಿಸುವ ಆಟಗಳು ಹಲವು ಕಡೆ ತಾವಾಗಿಯೇ ಕಡಿಮೆಯಾದವು. ಮಾಜಿ ಸೈನಿಕರು ಪದವಿ ಮುಗಿಸಿ ಹೋದ ಮೇಲೆ ಅವೇ ಆಟಗಳು ಮರಳಿ ಬಂದದ್ದು ವಿಷಾದದ ಸಂಗತಿ.

ಇನ್ನೂ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು. ಜನಾಂಗಭೇದದ ನಾಜಿಗಳ ವಿರುದ್ಧ ಹೋರಾಡಿ ಬಂದವರು ತಮ್ಮ ಸಂಘದ ನಿಯಮಾವಳಿಯಲ್ಲಿ ಬಿಳಿಯ ಕ್ರೈಸ್ತರಿಗೆ ಮಾತ್ರ ಪ್ರವೇಶ ಎಂಬ ಕಲಮನ್ನು ಹೇಗೆ ಸಹಿಸಬೇಕು? 1948ರ ಜುಲೈ 26ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸೈನ್ಯದಲ್ಲಿ ವರ್ಣಭೇದವನ್ನು ಕೊನೆಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಅದೇ ವರ್ಷ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ನಿರ್ಧರಿಸಿತು. ಫ್ರೆಟರ್ನಿಟಿಯ ಕೇಂದ್ರ ಸಂಸ್ಥೆ ಆ ಶಾಖೆಯನ್ನೇ ಹೊರಹಾಕಿತು. ಶಾಖೆಯವರು ಜಗ್ಗಲಿಲ್ಲ, ಸ್ವತಂತ್ರ ಸಂಘವಾಗಿ ಮುಂದುವರಿದರು. ಇಂಥ ಕಲಮುಗಳು ದೇಶದಾದ್ಯಂತ ಅಳಿಯಲು ಮುಂದಿನ ಎರಡು ದಶಕ ಹಿಡಿಯಿತು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಚಿತ್ರ ತಿರುವುಮುರುವಾಯಿತು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಕಡ್ಡಾಯ ಭರ್ತಿಯಿಂದ ತಾತ್ಕಾಲಿಕ ವಿನಾಯಿತಿ ಸಿಗುತ್ತಿತ್ತು. ಹಿಂದೆ ಸೈನ್ಯಕ್ಕೆ ಹೆಬ್ಬಾಗಿಲಾಗಿದ್ದ ಕಾಲೇಜು ಈಗ ಅದರಿಂದ ಮರೆಯಾಗುವ ಜಾಗವಾಯಿತು. ಯುದ್ಧಕ್ಕೆ ಹೋದವರಲ್ಲಿ ಬಡವರ ಮನೆಯ, ಕಾಲೇಜಿನ ಮೆಟ್ಟಿಲು ಹತ್ತದ ಹುಡುಗರೇ ಹೆಚ್ಚು. 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿ ಭರ್ತಿಯ ಸರದಿ ನಿರ್ಧರಿಸಿದರು. 1971ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ವಿನಾಯಿತಿ ನಿಂತಿತು, 1973ರಲ್ಲಿ ಕಡ್ಡಾಯ ಭರ್ತಿಯೇ ನಿಂತಿತು. ಆ ವರ್ಷಗಳಲ್ಲಿ ಫ್ರೆಟರ್ನಿಟಿಗಳ ಆಕರ್ಷಣೆಯೂ ಕುಗ್ಗಿತ್ತು. ಯುದ್ಧವನ್ನೂ ಅಧಿಕಾರವನ್ನೂ ಪ್ರಶ್ನಿಸುತ್ತಿದ್ದ ತಲೆಮಾರಿಗೆ ಪ್ರಮಾಣ, ಬಿಲ್ಲೆ, ವಿಧಿಗಳೆಲ್ಲ ಹಳಸಲಾಗಿ ಕಂಡವು. ಇಂದಿನ ಅಮೆರಿಕದ ಸೈನ್ಯ ಸ್ವಯಂಸೇವಕರದು. ಫ್ರೆಟರ್ನಿಟಿಗಳಿಂದ ಅದಕ್ಕೆ ಸೇರುವವರು ಈಗ ಮೀಸಲು ಅಧಿಕಾರಿ ದಳದ ಮೂಲಕ ಒಬ್ಬೊಬ್ಬರಾಗಿ ಹೋಗುತ್ತಾರೆ. ಶಾಖೆಗೆ ಶಾಖೆಯೇ ಎದ್ದು ನಡೆದ ಕಾಲ ಮುಗಿದಿದೆ.

ಎರಡು ಶತಮಾನಗಳ ಈ ದಾಖಲೆಯನ್ನು ಒಟ್ಟಾಗಿ ನೋಡಿದರೆ, ಫ್ರೆಟರ್ನಿಟಿಗಳ ಯುವಕರಲ್ಲಿ ಧೈರ್ಯಕ್ಕೆ ಎಂದೂ ಕೊರತೆಯಿರಲಿಲ್ಲ ಎಂಬುದು ಸ್ಪಷ್ಟ. ಒಬ್ಬರ ಹಿಂದೊಬ್ಬರು ಹೋದರು, ಸತ್ತರು, ಉಳಿದವರು ಮರಳಿ ಬಂದು ಮನೆ ಕಟ್ಟಿದರು. ಅವರಿಗೆ ಕಷ್ಟವಾದದ್ದು ಬಾಗಿಲು ತೆರೆಯುವುದು. ಸಂಘದ ಕಾಗದಗಳನ್ನು ಕಾಯಲು ಒಬ್ಬ ಹೆಣ್ಣುಮಗಳು ಬೇಕಾದಳು, ಅಧಿಕಾರಿಯಾಗಲು ಕಪ್ಪು ಯುವಕರು ಪಟ್ಟಿ ಹಿಡಿದು ಅಲೆಯಬೇಕಾಯಿತು, ಒಬ್ಬನನ್ನು ಸೇರಿಸಿಕೊಂಡದ್ದಕ್ಕೆ ಒಂದು ಶಾಖೆಯೇ ಹೊರನಡೆಯಬೇಕಾಯಿತು. ಸೋದರರಿಗಾಗಿ ಪ್ರಾಣ ಕೊಡಲು ಸಿದ್ಧವಿದ್ದ ಸಂಘಗಳು ಯಾರು ಸೋದರ ಎಂಬ ಪ್ರಶ್ನೆಗೆ ಉತ್ತರ ಕೊಡಲು ಸೈನ್ಯಕ್ಕಿಂತಲೂ ಹೆಚ್ಚು ಕಾಲ ತೆಗೆದುಕೊಂಡವು.